ನಮ್ಮ ಹಿಟ್ಟು, ಅವರ ಮೀಟರು

ನಮ್ಮ ಮನೆಗೂ ಮೈದುನನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಮಳವಳ್ಳಿಯಲ್ಲಿ ಮಾವನವರು ಕಟ್ಟಿಸಿದ್ದ ಮನೆ ಭಾಗವಾದಾಗ ನಡುಮನೆಯನ್ನು ಸೀಳಿ ಎಬ್ಬಿಸಿದ ಗೋಡೆ. ಆಚೆ ಬಚ್ಚಲಲ್ಲಿ ನಲ್ಲಿ ತಿರುವಿದರೆ ಈಚೆ ನನಗೆ ಕೇಳುತ್ತದೆ. ಗೀಸರಿನ ಬಿಸಿನೀರು ಬೀಳುವ ಸದ್ದೇ ಬೇರೆ, ತಣ್ಣೀರಿನ ಸದ್ದೇ ಬೇರೆ ಅಂದರೆ ನಮ್ಮೆಜಮಾನ್ರು ನಗುತ್ತಾರೆ. ನಗಲಿ. ಐದು ವರ್ಷ ದಿನಾ ಬೆಳಗ್ಗೆ ಕಿವಿಗೊಟ್ಟು ಕೇಳಿದವಳು ನಾನು.

ಆಕೆ ಹಾಗೆ ನಲ್ಲಿ ತಿರುವುವ ಹೊತ್ತಿಗೆ ನಾನು ಹಿತ್ತಲಲ್ಲಿ ಹಂಡೆ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿರುತ್ತಿದ್ದೆ. ಒಣಗಿದ ತೆಂಗಿನ ಮಟ್ಟೆ ಚೆನ್ನಾಗಿ ಉರಿಯುತ್ತದೆ. ಒಂದು ಮಳೆ ಬಿದ್ದರೆ ಸಾಕು, ಬರೀ ಹೊಗೆ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದಾಗ ಡಾಕ್ಟರು ಎರಡು ಮಾತು ಹೇಳಿದ್ದರು: ಧೂಳಿಗೆ ಹೋಗಬೇಡಿ, ಹೊಗೆ ಹತ್ತಿರ ಕೂರಬೇಡಿ. ಧೂಳಿಗೆ ಹೋಗದೆ ಇರಬಹುದು. ಬೆಳಗಿನ ಬಿಸಿನೀರಿಗೆ ಹೊಗೆ ಬಿಟ್ಟರೆ ದಾರಿ ಇರಲಿಲ್ಲ. ಬಲಗಣ್ಣು ಮಧ್ಯಾಹ್ನದವರೆಗೂ ಕೆಂಪಾಗಿಯೇ ಇರುತ್ತಿತ್ತು. ಹೀಗಾಗಿ ನನಗೆ ಬೇಕಾಗಿದ್ದು ಒಂದು ಗೀಸರು. ಆಕೆಯ ಮನೆಯಲ್ಲಿದೆ ಅನ್ನುವುದಕ್ಕೇ ಬೇಕಾಗಿತ್ತು ಅಂದರೂ ಪೂರ್ತಿ ಸುಳ್ಳಾಗದು.

ಆಕೆ ಅಂದರೆ ನನ್ನ ವಾರಗಿತ್ತಿ. ನನಗಿಂತ ಎಂಟು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ. ಮೈದುನ ಮಂಡ್ಯದ ಸರ್ಕಾರಿ ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ನಮ್ಮೆಜಮಾನ್ರು ಇಲ್ಲೇ ಸೊಸೈಟಿಯಲ್ಲಿ ಗೊಬ್ಬರದ ಮೂಟೆ ತೂಗಿಸುತ್ತಾರೆ. ಹಾಗಾಗಿ ಆ ಕಡೆ ಫ್ರಿಜ್ಜು, ಗೀಸರು, ಕಲ್ಲಿನ ಗ್ರೈಂಡರು, ಗೋಡೆಯಗಲದ ಟಿವಿ. ಈ ಕಡೆ ಮೂರು ಬಲ್ಬು, ಎರಡು ಫ್ಯಾನು, ಒಂದು ಹಳೇ ಮಿಕ್ಸಿ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಆಕೆ ಗ್ರೈಂಡರು ತಂದ ದಿನದಿಂದ ನಮ್ಮ ಮಿಕ್ಸಿ ಅಟ್ಟ ಸೇರಿತ್ತು. ದೋಸೆಗೆ ನೆನೆಸಿದ ಅಕ್ಕಿ ಉದ್ದನ್ನು ಪಾತ್ರೆಯಲ್ಲಿ ತುಂಬಿಕೊಂಡು ಆ ಕಡೆ ಹೋಗುತ್ತಿದ್ದೆ. ಸೆರಗಿನಲ್ಲಿ ಮೊಬೈಲು, ಚಾರ್ಜರು. ಹಿಟ್ಟು ತಿರುಗುವಷ್ಟು ಹೊತ್ತು ಚಾರ್ಜು ಆಗುತ್ತಿತ್ತು. ನಮ್ಮೆಜಮಾನ್ರ ಅಂಗಿಗಳನ್ನೂ ಅಲ್ಲೇ ಇಸ್ತ್ರಿ ಮಾಡುತ್ತಿದ್ದೆ. ಸಂಜೆ ಎರಡು ಧಾರಾವಾಹಿ, ಅವರ ಫ್ಯಾನಿನ ಕೆಳಗೆ. ಮನೆಯಿಂದ ಹೊರಡುವಾಗ ನಮ್ಮ ಎಲ್ಲ ಸ್ವಿಚ್ಚು ಆರಿಸಿ, ಮೀಟರಿನ ಚಕ್ರ ನಿಂತಿತೇ ಅಂತ ಒಂದು ಸಲ ನೋಡಿ ಹೋಗುತ್ತಿದ್ದೆ. ಪಾಲಿನಲ್ಲಿ ಮೈದುನನಿಗೆ ಬೀದಿ ಕಡೆಯ ಕೋಣೆ ಹೋಯಿತು, ನಮಗೆ ಬಂದದ್ದು ಹಿತ್ತಲ ಕಡೆ. ಅದರ ಬದಲು ಇಷ್ಟಾದರೂ ಬರಲಿ ಅಂತ ಮನಸ್ಸಿನಲ್ಲಿತ್ತು. ತಿಂಗಳ ಬಿಲ್ಲು ಬಂದಾಗ ನಮ್ಮೆಜಮಾನ್ರು ಅದನ್ನು ಬೀದಿಯವರಿಗೆಲ್ಲ ತೋರಿಸಿ, "ನಮ್ಮಟ್ಟಿ ಅಮ್ಮಿ ಕರೆಂಟ್ನ ಉಪ್ಪಿನಕಾಯಿ ನೆಂಚ್ಕೊಂಡಂಗೆ ಉರುಸ್ತಾಳೆ ಕಣ್ಲಾ" ಅನ್ನುತ್ತಿದ್ದರು. ಆ ಹೊಗಳಿಕೆಯ ಅರ್ಧ ಯಾರಿಗೆ ಸೇರಬೇಕು ಅಂತ ನನಗೆ ಮಾತ್ರ ಗೊತ್ತಿತ್ತು ಅಂದುಕೊಂಡಿದ್ದೆ.

ಆಮೇಲೆ ಎಲೆಕ್ಷನ್ ಬಂತು. ಕಾರ್ಡು ಹಿಡಿದುಕೊಂಡು ಏಳೆಂಟು ಜನ ಜಗಲಿಗೆ ಬಂದರು.

"ಇನ್ನೂರು ಯೂನಿಟ್ ಗಂಟ ಒಂದ್ರುಪಾಯ್ ಕಟ್ಟಂಗಿಲ್ಲ ಕಣವ್ವ. ಈ ಕಾರ್ಡ ಜೋಪಾನ್ವಾಗಿ ಮಡಿಕ್ಕೋ" ಅಂದ ಒಬ್ಬ.

"ಗೀಸರ್ ಆಕುದ್ರೂವೆ?" ಅಂದೆ.

"ಗೀಸರ್ ಆಕು, ಗಿರಣಿ ಆಕು, ನಿನ್ನಿಷ್ಟ."

ಇನ್ನೂರು ಅನ್ನುವ ಅಂಕಿ ನನ್ನ ತಲೆಯಲ್ಲಿ ಕೂತಿತು. ಪಕ್ಕದ ಮನೆಗೂ ಇನ್ನೂರು, ನಮಗೂ ಇನ್ನೂರು. ಭಾಗವಾದ ಮೇಲೆ ಮೊದಲ ಸಲ ಎರಡೂ ಮನೆಗೆ ಒಂದೇ ಅಳತೆ ಸಿಗುತ್ತಿದೆ ಅನ್ನಿಸಿತು. ಗೆದ್ದವರು ಹೇಳಿದ್ದನ್ನು ಮಾಡಿದರು ಕೂಡ. ನಾನೂ ವಾರಗಿತ್ತಿಯೂ ಒಟ್ಟಿಗೇ ಹೋಗಿ, ಒಂದೇ ಸಾಲಿನಲ್ಲಿ ನಿಂತು, ಒಂದೇ ದಿನ ಹೆಸರು ಬರೆಸಿ ಬಂದೆವು. ನಮ್ಮೆಜಮಾನ್ರು ಒಂದು ಷರತ್ತು ಹಾಕಿದರು. "ಗೀಸರ್ ತಕ್ಕೋ. ಆದ್ರೆ ಬಿಲ್ಲು ಜೀರೋ ಬರ್ಬೇಕು. ಜೀರೋ ಕೆಡ್ಸಂಗಿಲ್ಲ."

ಮದ್ದೂರಿನ ಅಂಗಡಿಯಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತದೆ ಅಂತ ಅಲ್ಲಿಗೇ ಹೋದೆ. ಹತ್ತು ಲೀಟರಿನದು, ಬಿಳಿ ಬಣ್ಣ. ಪ್ರೈವೇಟ್ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರು ಲಗೇಜು ಕೇಳಿದ. "ತೊಡೆ ಮ್ಯಾಲವ್ನೆ, ಮಗೀಗೂ ಟಿಕೀಟಾ?" ಅಂದೆ. ನಕ್ಕು ಮುಂದೆ ಹೋದ. ಮಳವಳ್ಳಿ ಬರುವವರೆಗೂ ಅದನ್ನು ಹಾಗೇ ತಬ್ಬಿಕೊಂಡು ಬಂದೆ. ಬಸ್ ಸ್ಟ್ಯಾಂಡಿನಿಂದ ಮನೆಗೆ ಹಿಂದಿನ ಓಣಿ ಹತ್ತಿರ. ನಾನು ಬೇಕೆಂದೇ ಮುಂದಿನ ಬೀದಿ ಹಿಡಿದೆ, ವಾರಗಿತ್ತಿ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿರುತ್ತಾಳೆ ಅಂತ. ಬಿಡಿಸುತ್ತಿದ್ದಳು.

"ಏನಕ್ಕ, ಎಷ್ಟು ಲೀಟರ್ದು?"

"ನಮಗಾಗೋಷ್ಟು" ಅಂದೆ.

ಗೀಸರನ್ನು ಗೋಡೆಗೆ ಕೂರಿಸಿದೆವು, ಮೊದಲ ಬಿಲ್ಲು ಜೀರೋ ಬಂದ ಮೇಲೇ ಸ್ವಿಚ್ಚು ಒತ್ತುವುದು ಅಂತಾಯಿತು. ಬಿಲ್ಲಿನ ದಿನ ಮೀಟರು ನೋಡುವವನು ಮೊದಲು ಅವರ ಮನೆಗೆ ಹೋದ, ಆಮೇಲೆ ನಮ್ಮಲ್ಲಿಗೆ ಬಂದ. ಎರಡೂ ಬಿಲ್ಲು ಜೀರೋ. ನಮ್ಮೆಜಮಾನ್ರು ಚೀಟಿಯನ್ನು ಕಣ್ಣಿಗೊತ್ತಿಕೊಂಡರು. ಕೆಳಗೆ ಇನ್ನೊಂದು ಅಂಕಿ ಇತ್ತು, ಅದೇನು ಅಂತ ನಾನು ಕೇಳಿದೆ.

"ನಿಮ್ಗೆ ಫ್ರೀ ಇರೋದು ಅಷ್ಟು ಕಣಮ್ಮ. ನಲವತ್ತೊಂದು. ಅದ್ರ ಮೇಲೆ ಉರಿಸಿದ್ರೆ ಮೇಲಿಂದಕ್ಕೆ ಕಟ್ಬೇಕು."

"ಇನ್ನೂರು ಅಂದಿದ್ರಲ್ಲಪ್ಪ."

"ಇನ್ನೂರರ ಒಳಗೆ. ಹಿಂದಿನ ವರ್ಷ ತಿಂಗಳಿಗೆ ಎಷ್ಟು ಉರಿಸಿದ್ರೋ ಅದ್ರ ಸರಾಸರಿ, ಅದ್ರ ಮೇಲೆ ನೂರಕ್ಕೆ ಹತ್ತು. ಕಮ್ಮಿ ಉರಿಸಿದೋರಿಗೆ ಕಮ್ಮಿ."

"ಪಕ್ಕದ್ಮನೇದು?"

ಅವನು ಹೇಳಬಾರದಾಗಿತ್ತು, ಹೇಳಿದ. ನೂರ ಅರವತ್ತೈದು.

ಅವನು ಹೋದ ಮೇಲೂ ನಾನು ಮೀಟರಿನ ಕೆಳಗೇ ನಿಂತಿದ್ದೆ. ಒಂದು ವರ್ಷ ನಾನು ರುಬ್ಬಿದ್ದು, ಇಸ್ತ್ರಿ ಮಾಡಿದ್ದು, ಚಾರ್ಜು ಹಾಕಿದ್ದು, ನೋಡಿದ ಧಾರಾವಾಹಿ ಎಲ್ಲವೂ ಆ ನೂರ ಅರವತ್ತೈದರೊಳಗಿತ್ತು. ಬೀದಿ ಕಡೆಯ ಕೋಣೆ ಹೋದಾಗ ಯಾರನ್ನಾದರೂ ಬೈಯುವುದಕ್ಕಾಗಿತ್ತು. ಇದನ್ನು ನಾನೇ ದಿನಾ ಪಾತ್ರೆಯಲ್ಲಿ ತುಂಬಿಕೊಂಡು ಹೋಗಿ ಕೊಟ್ಟು ಬಂದಿದ್ದೆ.

ಆ ದಿನದಿಂದ ಆ ಕಡೆ ಹೋಗುವುದನ್ನು ಬಿಟ್ಟೆ. ಮಿಕ್ಸಿ ಕೆಳಗಿಳಿಸಿ ಒಂದೊಂದೇ ಹಿಡಿ ಅಕ್ಕಿ ರುಬ್ಬಿದೆ. ನಮ್ಮದೇ ಇಸ್ತ್ರಿ ಪೆಟ್ಟಿಗೆ ಬಂತು. ಕೆಟ್ಟು ಕೂತಿದ್ದ ಹಳೇ ಟಿವಿಯನ್ನೂ ರಿಪೇರಿ ಮಾಡಿಸಿದೆ. ಬಚ್ಚಲ ಗೋಡೆಯ ಮೇಲೆ ಗೀಸರು ಕೂತಿತ್ತು. ಅದರ ಸ್ವಿಚ್ಚಿನ ಮೇಲೆ ನಮ್ಮೆಜಮಾನ್ರು ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದರು, ಯಾರಾದರೂ ನೆಂಟರು ಬಂದವರು ಒತ್ತಿಯಾರು ಅಂತ. ತಿಂಗಳ ಕೊನೆಗೆ ನಮ್ಮ ಯೂನಿಟ್ಟು ನಲವತ್ತರ ಹತ್ತಿರ ಹೋಗಿ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಬಿಲ್ಲು ಜೀರೋ. ಜೀರೋ ಬಿಲ್ಲುಗಳನ್ನು ನಮ್ಮೆಜಮಾನ್ರು ತಂತಿಗೆ ಚುಚ್ಚಿ ದೇವರ ಪಟದ ಪಕ್ಕ ನೇತುಹಾಕುತ್ತಿದ್ದರು. ನಾನು ಹಂಡೆ ಒಲೆಯ ಮುಂದೆ ಕೂತು ಆಚೆಯ ನಲ್ಲಿಯ ಸದ್ದು ಕೇಳುತ್ತಿದ್ದೆ. ಆಕೆ ಒಂದು ಬಕೆಟ್ಟು ಜಾಸ್ತಿ ಹಿಡಿದರೆ, ಆ ಬಕೆಟ್ಟು ನಂದು ಅನ್ನಿಸುತ್ತಿತ್ತು.

ಕೆಲವು ತಿಂಗಳಾದ ಮೇಲೆ ಕಮ್ಮಿ ಉರಿಸುವವರಿಗೆ ಒಂದಷ್ಟು ಯೂನಿಟ್ಟು ಸೇರಿಸಿದರು. ಪಕ್ಕದ ಮನೆಗೆ ಸೇರಲಿಲ್ಲ. ಆ ವಾರ ನನಗೆ ಚೆನ್ನಾಗಿ ಊಟ ಸೇರಿತು. ಆದರೆ ಸೇರಿದ ಯೂನಿಟ್ಟನ್ನು ನನ್ನ ಮಿಕ್ಸಿ, ಟಿವಿಯೇ ತಿಂದು ಹಾಕಿದವು. ಗೀಸರಿನ ಪಟ್ಟಿ ಹಾಗೇ ಇತ್ತು.

ಮಳೆಗಾಲದಲ್ಲಿ ಒಂದು ಬೆಳಗ್ಗೆ ಒದ್ದೆ ಮಟ್ಟೆ ಊದುತ್ತಾ ಕೂತಿದ್ದಾಗ ವಾರಗಿತ್ತಿ ಹಿತ್ತಲ ಬಾಗಿಲಿನಿಂದ ಬಂದಳು. ನನ್ನ ಕಣ್ಣು ನೋಡಿದಳು, ಒಲೆ ನೋಡಿದಳು.

"ಅಕ್ಕ, ನಮ್ ಬಚ್ಲಲ್ಲೇ ನೀರು ಉಯ್ಕೋ ಬಾ. ನಮ್ದು ಉಳೀತಾ ಅದೆ."

"ನಿಂದು ಉಳುದ್ರೆ ಉಳ್ಕೊಳ್ಲಿ ಬುಡು."

"ನಂದೆಲ್ಲಕ್ಕ? ಅದ್ರಲ್ಲಿ ವಸಿ ನಿಂದೇ ಕಣಕ್ಕ." ಅವಳು ಒಲೆಯ ಬಾಯಿಯಿಂದ ಮಟ್ಟೆ ಎಳೆದು ಆಚೆ ಹಾಕಿದಳು. "ಮನೆಯಿಂದ ಬರೋವಾಗ ಮೀಟ್ರು ನೋಡ್ಕೊಂಡ್ ಬತ್ತಿದ್ದೆಯಲ್ಲ, ನಂಗೇನ್ ಕಣ್ಣು ಕಾಣಾಕಿಲ್ವಾ? ಬಾವುನ್ ಅಂಗಿ ಯಾವ್ದು, ನಮ್ಮೋರ್ ಅಂಗಿ ಯಾವ್ದು ಅಂತ ಗೊತ್ತಾಗಾಕಿಲ್ವಾ?"

ಮುಖ ಎಲ್ಲಿ ಇಟ್ಟುಕೊಳ್ಳಲಿ. ಹೊಗೆ ಇದ್ದದ್ದು ಒಳ್ಳೆಯದಾಯಿತು.

"ಗೊತ್ತಿದ್ರೆ ಅವತ್ತೇ ಅನ್ಬೇಕಾಗಿತ್ತು" ಅಂದೆ.

"ಅಂದಿದ್ರೆ ನೀನು ಬರ್ತಿದ್ದಾ? ಇವ್ರು ಮಂಡ್ಯಕ್ಕೆ ಓದ್ರೆ ಸಂಜೀಗಂಟ ನಾನೊಬ್ಳೇ. ಗ್ರೈಂಡರ್ಗೆ ಧೂಳು ಕೂತದೆ. ಎಲ್ಡ್ ತಿಂಗ್ಳಿಂದ ನಮ್ ಯೂನಿಟ್ಟು ನೂರೂ ಮುಟ್ಟಿಲ್ಲ. ಹಿಟ್ಟು ತಕ್ಕೊಂಬಾ, ಅಂಗಿ ತಕ್ಕೊಂಬಾ, ಸೀರಿಯಲ್ ನೋಡು. ಅದುಕ್ಕೆಲ್ಲ ಇಲ್ಲಿ ಉರ್ಸಿ, ಗೀಸರ್ಗೆ ಪಟ್ಟಿ ಅಂಟುಸ್ಕೊಂಡು, ಕಣ್ಣು ಕಳ್ಕೊಂಡು, ಯಾರ್ ಮೇಲಕ್ಕ ಈ ಅಟ?"

ಅವಳ ಬಚ್ಚಲಿಗೆ ನಾನು ಹೋಗಲಿಲ್ಲ. ಅಷ್ಟು ಸುಲಭಕ್ಕೆ ನಾನು ಸೋಲುವವಳಲ್ಲ. ಆದರೆ ಮಾರನೆಯ ದಿನ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು ಆ ಕಡೆ ಹೋದೆ. ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ, ಚಾರ್ಜರನ್ನು ಪಾತ್ರೆಯ ಮೇಲೇ ಇಟ್ಟುಕೊಂಡಿದ್ದೆ. ಮಿಕ್ಸಿ ಮತ್ತೆ ಅಟ್ಟಕ್ಕೆ ಹೋಯಿತು. ಬಂದು ಗೀಸರಿನ ಪಟ್ಟಿ ಕಿತ್ತೆ. ಅಂಟು ಉಳಿದಿತ್ತು, ಸೀಮೆಎಣ್ಣೆ ಹಚ್ಚಿ ಒರೆಸಿದೆ. ದಿನಾ ಬೆಳಗ್ಗೆ ಒಂದು ಬಕೆಟ್ಟಿನ ಲೆಕ್ಕದಲ್ಲಿ ಕಾಯಿಸಿದೆ.

ಆ ತಿಂಗಳ ಬಿಲ್ಲು ಜೀರೋ ಬರಲಿಲ್ಲ. ಚಿಕ್ಕದೊಂದು ಮೊತ್ತ ಬಂತು. ನಮ್ಮೆಜಮಾನ್ರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ತಂತಿಗೆ ಚುಚ್ಚಲೋ ಬೇಡವೋ ಅಂತ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕಣ್ಣು ನೋಡಿ, "ಕೆಂಪು ಕಮ್ಮಿಯಾಗದೆ" ಅಂದರು. ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಟವೆಲ್ಲು ಹೆಗಲಿಗೆ ಎಸೆದುಕೊಂಡು ಬಚ್ಚಲಿಗೆ ಹೋದರು. ಎರಡು ಬಕೆಟ್ಟು ಹಿಡಿದ ಸದ್ದು ಕೇಳಿಸಿತು.

ಈಗ ಹಂಡೆ ಒಲೆ ತಣ್ಣಗಿದೆ. ಬೆಕ್ಕು ಅದರಲ್ಲಿ ಮಲಗುತ್ತದೆ. ಆದರೂ ಬಿಲ್ಲಿನವನು ಬೀದಿಗೆ ಬಂದ ದಿನ ನಾನು ಮೊದಲು ಕೇಳುವುದು ಪಕ್ಕದ ಮನೆಯದ್ದನ್ನೇ. ಜೀರೋ ಅನ್ನುತ್ತಾನೆ. ಅವಳದು ಇಪ್ಪತ್ತೈದು ಲೀಟರಿನ ಗೀಸರು, ಆದರೂ ಜೀರೋ. ಇನ್ನೊಂದು ಸಲ ನೋಡಪ್ಪ ಅನ್ನುತ್ತೇನೆ. ಆಮೇಲೆ ಅಕ್ಕಿಯ ಪಾತ್ರೆ ತೆಗೆದುಕೊಂಡು ಆ ಕಡೆ ಹೋಗುತ್ತೇನೆ.