ರಂಗೋಲಿ ಪುಡಿಯಲ್ಲಿ ಎಳೆದ ಮನೆ

ಖಾಲಿ ಸೈಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ ನಮ್ಮತ್ತೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಟ್ಟರು.

ಅದು ಅವರ ಕೋಣೆ. ಅಂದರೆ, ರಂಗೋಲಿ ಪುಡಿಯಲ್ಲಿ ನಾನು ನೆಲದ ಮೇಲೆ ಎಳೆದ ಕೋಣೆ.

ಅಜ್ಜಂಪುರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮರುದಿನವೇ ಪಾಯ ತೆಗೆಯಲು ಮೇಸ್ತ್ರಿ ಬರುವವರಿದ್ದರು. ಪ್ಲಾನನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ದೆ. ಏನೋ ಸರಿಯಿಲ್ಲ ಅನ್ನಿಸುತ್ತಿತ್ತು... ಏನೆಂದು ಮಾತ್ರ ಹೊಳೆಯುತ್ತಿರಲಿಲ್ಲ.

ಸೊಂಟದ ಮೂಳೆ ಮುರಿದ ಮೇಲೆ ಅತ್ತೆಗೆ ವಾಕರ್ ಬೇಕೇ ಬೇಕು. ಅದಕ್ಕೇ ಅವರಿಗೆ ಮನೆಯ ಹಿಂಭಾಗದಲ್ಲಿ ದೊಡ್ಡ ಕೋಣೆ, ಅಟ್ಯಾಚ್ಡ್ ಬಾತ್‌ರೂಮು. ಗದ್ದಲವಿಲ್ಲದೆ ಆರಾಮಾಗಿ ಇರಲಿ ಅಂತ ನಾನೇ ಹಟ ಮಾಡಿ ಹಾಕಿಸಿದ್ದೆ. ಪ್ಲಾನ್ ತೋರಿಸಿದರೆ, "ಅದೆಲ್ಲ ನಂಗೇನ್ ಗೊತ್ತಾಯ್ತದೆ, ನೀವ್ ಹೆಂಗ್ ಮಾಡುದ್ರೂ ಸರಿ" ಅಂದಿದ್ದರು.

ತಲೆ ಕೆಟ್ಟು, ರಂಗೋಲಿ ಡಬ್ಬ ಹಿಡಿದು, ಅತ್ತೆಯನ್ನೂ ಯಜಮಾನರನ್ನೂ ಕರೆದುಕೊಂಡು ಸೈಟಿಗೇ ಹೋದೆ. ನಮ್ಮ ಯಜಮಾನರು ಗೊಣಗುತ್ತಲೇ ಟೇಪಿನ ಇನ್ನೊಂದು ತುದಿ ಹಿಡಿದರು. ಇಡೀ ಮನೆಯನ್ನು ಅದರ ಅಳತೆಗೇ ನೆಲದ ಮೇಲೆ ಎಳೆದೆವು. ಕುರ್ಚಿಯೇ ಮಂಚ, ಎರಡು ಇಟ್ಟಿಗೆ ಇಟ್ಟರೆ ಒಲೆ.

"ಅತ್ತೆ, ಬೆಳಗಾಯ್ತು ಅಂದ್ಕಳಿ. ಎದ್ದು ಓಡಾಡಿ."

ನಗುತ್ತಲೇ ಶುರು ಮಾಡಿದರು. ಬಾತ್‌ರೂಮಿಗೆ ಹೋಗಿ ಬಂದರು, ಕಷ್ಟವೇನೂ ಆಗಲಿಲ್ಲ. ವಾಪಸ್ ಬಂದು ಕುರ್ಚಿಯಲ್ಲಿ ಕೂತವರು, ಒಲೆ ಮುಂದೆ ನಿಂತ ನನ್ನನ್ನೇ ನೋಡುತ್ತಾ ಸುಮ್ಮನಾದರು.

"ಗೋಡೆ ಎದ್ಮೇಲೆ ಇಲ್ಲಿಂದ ನೀನ್ ಕಾಣಲ್ಲ ಅಲ್ವೇನೇ?"



ಅವರೇ ಎದ್ದು ವಾಕರ್ ತಳ್ಳಿಕೊಂಡು ಅಡುಗೆಮನೆಯ ಎದುರಿಗೆ ಬಂದು ನಿಂತರು. "ಇಲ್ಲಾದ್ರೆ ಕೂತ್ಕಂಡೇ ಸೊಪ್ಪು ಬಿಡಿಸ್ಕೊಡ್ತೀನಿ ಕಣೇ. ಯಾರ್ ಬಂದ್ರು, ಯಾರ್ ಹೋದ್ರು ಅಂತನಾರ ಗೊತ್ತಾಯ್ತದೆ."

"ಅದು ಡೈನಿಂಗ್ ಹಾಲ್ ಕಣಮ್ಮ" ಅಂದರು ಯಜಮಾನರು.

"ನೆಲದ್ ಮೇಲೆ ಕೂತು ಉಣ್ಣಕ್ಕೆ ನಿಂಗೇನಾಗೈತಪ್ಪಾ?"

ಮೂವರೂ ನಕ್ಕೆವು. ನಗುತ್ತಲೇ ನನ್ನ ಕಣ್ಣು ತುಂಬಿತು. ಅಷ್ಟು ದಿನ ತಲೆ ಚಚ್ಚಿಕೊಂಡರೂ ಸಿಗದ ಉತ್ತರ, ಅತ್ತೆ ನಾಲ್ಕು ಹೆಜ್ಜೆ ನಡೆದಾಗ ಸಿಕ್ಕಿತ್ತು.

ಯಜಮಾನರು ಡೈನಿಂಗ್ ಹಾಲಿನ ಗೆರೆಯನ್ನು ಕಾಲಲ್ಲೇ ಒರೆಸಿದರು. ಮೇಸ್ತ್ರಿಗೂ ಇಂಜಿನಿಯರಿಗೂ ಫೋನ್ ಹೋಯಿತು. ಪಾಯ ಒಂದು ವಾರ ತಡವಾದರೂ ಆಗಲಿ... ಅತ್ತೆಯ ಕೋಣೆ ಈಗ ಬಾತ್‌ರೂಮಿನ ಸಮೇತ ಅಡುಗೆಮನೆಯ ಎದುರಿಗೆ.

ನಿಮ್ಮ ಮನೆಯ ಹಿರಿಯರು ಮಲಗುವ ಜಾಗದಲ್ಲಿ ನೀವು ಒಮ್ಮೆಯಾದರೂ ಕೂತು ನೋಡಿದ್ದೀರಾ, ಅಲ್ಲಿಂದ ಯಾರು ಕಾಣುತ್ತಾರೆ ಅಂತ?