ಬೆಟ್ಟದ ಬಂಗಲೆಯ ಸೊಳ್ಳೆಪರದೆಗಳು

ಬಿಳಿಗಿರಿರಂಗನ ಬೆಟ್ಟಕ್ಕೆ ಆಗ ಬಸ್ಸಿರಲಿಲ್ಲ. ಎರಡು ದಿನ ಮಗ್ಗದ ಸದ್ದೇ ಬೇಡವೆಂದು ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಿಂದ ಹನ್ನೊಂದು ಜನ ನಡೆದೇ ಹತ್ತಿದ್ದೆವು. ಅಲ್ಲಿನ ದೊಡ್ಡ ಸರ್ಕಾರಿ ಬಂಗಲೆಯಲ್ಲಿ ಉಳಿಯುವ ಆಸೆ. ಜಡೆಯ ಎಂಬ ಕಾವಲಿನ ಮುದುಕ ಬಾಗಿಲಿಗೆ ಕೈ ಅಡ್ಡ ಇಟ್ಟ.

"ಸರ್ಕಾರಿ ಕೆಲ್ಸಕ್ಕೆ ಬಂದೋರ್ಗೆ ಮಾತ್ರ ಕಣ್ರಿ. ನೀವ್ ಯಾವ್ ಕೆಲ್ಸಕ್ಕೆ ಬಂದ್ರಿ?"

"ಕೆಲ್ಸ ಬ್ಯಾಡ ಅಂತ್ಲೇ ಬಂದ್ವಿ," ಎಂದುಬಿಟ್ಟೆ. ಜೊತೆಯವರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ವಾಪಸು ಇಳಿಯಲು ಯಾರ ಕಾಲಲ್ಲೂ ಶಕ್ತಿಯಿರಲಿಲ್ಲ.

"ಓಗ್ಲಿ, ಊರಲ್ಲೇನ್ ಮಾಡ್ತೀರಿ?"

"ರೇಷ್ಮೆ ಸೀರೆ ನೇಯ್ತೀವಿ."

ಮುದುಕನ ಮುಖ ಅರಳಿತು. ಒಳಗಿನಿಂದ ಇಲಿ ಕಡಿದ ಎಂಟು ಸೊಳ್ಳೆಪರದೆ ಹೊತ್ತು ತಂದು ನಮ್ಮ ಮುಂದೆ ಸುರಿದ. "ನಾಳಿದ್ದು ಸಾಯೇಬ್ರು ಬತ್ತಾರೆ. ಇವ್ನ ಸರಿ ಮಾಡ್ಕೊಡಿ, ಅದೇ ಸರ್ಕಾರಿ ಕೆಲ್ಸ."

ಮಧ್ಯಾಹ್ನವೆಲ್ಲ ಜಗುಲಿಯಲ್ಲಿ ಕೂತು, ಹರಟುತ್ತ ನಗುತ್ತ, ಗಂಡಸರು ಹೆಂಗಸರೆನ್ನದೆ ತೂತು ಮುಚ್ಚಿದೆವು. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ ಜಡೆಯ, ಕೋಣೆಗಳ ಬೀಗ ತೆಗೆದ. ಆಮೇಲೆ ರಿಜಿಸ್ಟರ್ ತಂದು, "ಕರ್ತವ್ಯದ ಮೇಲೆ ಬಂದವರು" ಎಂದು ನನ್ನ ಕೈಯಲ್ಲೇ ಬರೆಸಿದ.

ಜೀವಮಾನದಲ್ಲಿ ನಾನು ಮಾಡಿದ ಸರ್ಕಾರಿ ನೌಕರಿ ಅದೊಂದೇ. ಅದನ್ನೂ ರಜದಲ್ಲಿ ಮಾಡಿದೆ.