ಹೊಳೆಯ ತಳದ ಹನ್ನೊಂದು ನಿಮಿಷ

ಅಕ್ಕನ ಗಂಡ ಮಂಗಳೂರಿನ ಬಂದರಿನಲ್ಲಿ ಮುಳುಗುಗಾರನಾಗಿದ್ದ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದು ಹಡಗುಗಳ ತಳ ನೋಡುವ ಕೆಲಸ. ಎದುರಿಗೆ ಈಗಲೂ ‘ನೀವು’ ಅನ್ನುತ್ತೇನೆ. ಬರೆಯುವಾಗ ಆ ಬಹುವಚನ ಬರುತ್ತಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಹೊನ್ನಾಳಿಯಿಂದ ದಿನಾ ಬಸ್ಸಿನಲ್ಲಿ ನ್ಯಾಮತಿಗೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಭಾವ ಒಂದು ವರ್ಷ ದೀಪಾವಳಿಗೆ ಎರಡು ಸಿಲಿಂಡರ್ ಹೊತ್ತು ತಂದ. ನಮ್ಮೂರ ಹೊಳೆಯ ತಳದಲ್ಲಿ, ಕೈಕಾಲು ಬಡಿಯದೆ, ನೀರು ಒಯ್ದಂತೆ ಹೋಗಬೇಕೆಂಬುದು ಅವನ ಆಸೆ. ‘ಸಮುದ್ರದಾಗೆ ಮಾಡೀನಿ, ಹೊಳೆಯಾಗೆ ಮಾಡಿಲ್ಲ. ಲೆಕ್ಕ ನೀನು ಹಾಕು, ಎರಡನೇ ಸಿಲಿಂಡರ್ ನಿಂದು’ ಅಂದ. ನಾನು ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ. ಚನ್ನಗಿರಿ ದಾರಿಯ ಸೂಳೆಕೆರೆಗೆ ನಮ್ಮಿಬ್ಬರನ್ನೂ ಕರೆದೊಯ್ದು, ಅಕ್ಕನನ್ನು ದಂಡೆಯ ಮೇಲೆ ಕೂರಿಸಿ, ಎದೆಮಟ್ಟದ ನೀರಿನಲ್ಲಿ ನನಗೆ ಉಸಿರಾಡುವುದನ್ನು ಕಲಿಸಿದ್ದ. ಅಣ್ಣನ ಪ್ಯಾಂಟು ತೊಟ್ಟು ನೀರಿಗಿಳಿದವಳನ್ನು ನೋಡಲು ಮೀನು ಹಿಡಿಯುವವರೆಲ್ಲ ಬಲೆ ಬಿಟ್ಟು ಬಂದು ನಿಂತಿದ್ದರು. ಬಾಯೊಳಗೆ ರಬ್ಬರಿನ ರುಚಿ, ಕಿವಿಯಲ್ಲಿ ನನ್ನದೇ ಉಸಿರು. ಅಷ್ಟು ಸುಖ ನನಗೆ ಅದುವರೆಗೆ ಯಾವುದರಿಂದಲೂ ಸಿಕ್ಕಿರಲಿಲ್ಲ.

ಲೆಕ್ಕಕ್ಕೆ ನನ್ನ ಜೊತೆ ನಿಂತವನು ಹರಿಗೋಲು ನಡೆಸುವ ಅಜ್ಜ. ಜನರನ್ನು ಆಚೆ ದಡಕ್ಕೆ ಸಾಗಿಸಿ ಬದುಕಿದವನು, ಹೊಳೆಯ ಒಳಹೊರಗು ಬಲ್ಲವನು. ನಾನು ಮೊದಲ ದಿನ ತೆಂಗಿನಕಾಯಿ ಎಸೆದು ಗಡಿಯಾರ ನೋಡುತ್ತಿದ್ದರೆ ನಕ್ಕುಬಿಟ್ಟ.

‘ಮೇಲಿನ ನೀರಿಗೆ ಅವಸರ ಜಾಸ್ತಿ ತಾಯಿ. ತಳದ ನೀರು ನಿಧಾನ. ಬಾಟಲಿಗೆ ಹಗ್ಗ ಕಟ್ಟಿ ಕಲ್ಲು ಇಳಿಬಿಡ್ರಿ, ಆವಾಗ ತಳದ ನೀರು ಎಳಕೊಂಡು ಹೋಗತೈತೆ.’

ಹಾಗೇ ಮಾಡಿದೆ. ಇಳಿಯುವ ಬಂಡೆಯಿಂದ ಏಳುವ ಮರಳುದಿಣ್ಣೆಯವರೆಗೆ ಬಾಟಲಿ ಹನ್ನೊಂದು ನಿಮಿಷ ತೆಗೆದುಕೊಂಡಿತು. ಬೇರೆ ಬೇರೆ ದಿನ ಆರು ಸಲ ನೋಡಿದೆ, ಹೆಚ್ಚುಕಡಿಮೆ ಅಷ್ಟೇ. ದಿಣ್ಣೆ ದಾಟಿದರೆ ಮುಂದೆ ಬಂಡೆಸಾಲು, ಅಲ್ಲಿ ಹೊಳೆಗೆ ಕರುಣೆಯಿಲ್ಲ. ಹನ್ನೊಂದನೇ ನಿಮಿಷಕ್ಕೆ ಬಲಕ್ಕೆ ಹೊರಳಿ ಮೇಲೇಳಬೇಕು. ಒಬ್ಬೊಬ್ಬರ ಸೊಂಟದ ಹಗ್ಗಕ್ಕೂ ಒಂದೊಂದು ಖಾಲಿ ಎಣ್ಣೆ ಡಬ್ಬಿ ಕಟ್ಟುವುದು, ತೇಲುವ ಡಬ್ಬಿ ನೋಡಿಕೊಂಡು ಅಜ್ಜ ಹರಿಗೋಲಿನಲ್ಲಿ ಹಿಂಬಾಲಿಸುವುದು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ನಕ್ಷೆ ಸಮೇತ ಬರೆದೆ.

ಮುಳುಗುವ ಹಿಂದಿನ ಸಂಜೆ ಜಗಳೂರಿನಿಂದ ಭಾವನ ಗೆಳೆಯನೊಬ್ಬ ಮೋಟರ್‌ಸೈಕಲ್ಲಿನಲ್ಲಿ ಬಂದ. ಬಾವಿಯಲ್ಲಿ ಈಜು ಕಲಿತವನು, ಹರಿವ ನೀರಿನ ಪರಿಚಯವಿಲ್ಲ. ಊಟಕ್ಕೆ ಕೂತಾಗ ಭಾವ ನನ್ನ ನೋಟ್‌ಬುಕ್ ತೆಗೆದು ಅವನಿಗೆ ವಿವರಿಸತೊಡಗಿದ. ಆಗ ನನಗೆ ತಿಳಿಯಿತು.

‘ಭಾವ, ಎರಡನೇದು ನಂದು ಅಂದಿದ್ರಿ.’

‘ನಿಂಗೇನಾದ್ರೂ ಆದ್ರೆ ನಿಮ್ಮಪ್ಪಂಗೆ ನಾನು ಏನು ಹೇಳಲಿ? ನೀನು ದಂಡೆ ಮೇಲೆ ನಿಂತು ಗಡಿಯಾರ ನೋಡು. ಅದೂ ಕೆಲಸಾನೇ.’

ಅಕ್ಕ ಸಾರು ಬಡಿಸುತ್ತಿದ್ದಳು. ‘ಒಳ್ಳೇದಾತು ಬಿಡು’ ಅಂದಳು. ಗೆಳೆಯ ನನ್ನ ಕಡೆ ನೋಡದೆ ಪುಟ ತಿರುವಿದ.

ಬೆಳಿಗ್ಗೆ ನಾನೇ ಮೊದಲು ಹೊಳೆಗೆ ಹೋದೆ. ಅಜ್ಜ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ.

‘ಗೇಣು ನೀರು ಏರೈತೆ ತಾಯಿ. ಮೇಲೆಲ್ಲೋ ಮಳೆ ಹೊಡದೈತೆ. ನಿಮ್ಮ ಹನ್ನೊಂದು ನಿಮಿಷ ಇವತ್ತು ನಡೆಯಾಕಿಲ್ಲ. ನಾ ಹೇಳಾಕೆ ಹೋದ್ರೆ, ನಿಂದು ಹುಟ್ಟು ಹಾಕೋ ಕೆಲಸ ಅಷ್ಟೇ ಅಂತಾರೆ ಸಾಹೇಬ್ರು. ನೀವು ಹೇಳ್ರಿ.’

‘ಹೇಳ್ತೀನಜ್ಜ’ ಅಂದೆ.

ಹೇಳಲಿಲ್ಲ. ಅವರಿಬ್ಬರೂ ನಗುತ್ತ ಸಿಲಿಂಡರಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ಆ ಗೆಳೆಯ ತನ್ನ ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟು ‘ಸ್ವಲ್ಪ ಹಿಡ್ಕೊಳ್ರಿ’ ಅಂದ. ಹಿಡಿದುಕೊಂಡೆ. ಒಂದೇ ಮಾತು ಸಾಕಿತ್ತು. ಆಗ ನನಗೆ ಬೇಕಿದ್ದದ್ದು ಅವರ ಸಾವಲ್ಲ, ಅವಮಾನ. ದಿಣ್ಣೆ ತಪ್ಪಿ, ಒದ್ದೆಯಾಗಿ, ಪೆಚ್ಚುಮೋರೆ ಹಾಕಿ ಬರಲಿ ಅಂದುಕೊಂಡೆ.

ಅವರು ಮುಳುಗಿದ್ದೇ ದಂಡೆಗುಂಟ ಓಡಿ ದಿಣ್ಣೆಗೆ ಬಂದೆ. ಏಳನೇ ನಿಮಿಷಕ್ಕೇ ಎರಡೂ ಡಬ್ಬಿಗಳು ನಾನು ನಿಂತ ದಿಣ್ಣೆಯ ಮುಂದೆ ಸರ್ರನೆ ಹಾದುಹೋದವು. ಕಿರುಚಿದೆ. ನೀರೊಳಗಿದ್ದವರಿಗೆ ಕೇಳುವುದು ಹೇಗೆ? ಭಾವನಿಗೆ ಅನುಭವವಿತ್ತು, ವೇಗ ಗೊತ್ತಾಗಿ ದಿಣ್ಣೆಯಿಂದ ಸ್ವಲ್ಪ ಮುಂದೆಯೇ ಮೇಲೆದ್ದ. ‘ಇಲ್ಲಿ ಬಾ, ಇಲ್ಲಿ’ ಎಂದು ಕೈಯಾಡಿಸಿ ಹರಿಗೋಲನ್ನು ಕರೆದ. ಅಜ್ಜ ಅವನತ್ತ ತಿರುಗಿದ. ಗೆಳೆಯ ಮಾತ್ರ ನನ್ನ ಲೆಕ್ಕವನ್ನೇ ನಂಬಿ ತಳದಲ್ಲಿ ಗಡಿಯಾರ ನೋಡುತ್ತ ಬಂಡೆಸಾಲಿಗೆ ಹೋದ.

ಭಾವನನ್ನು ಹತ್ತಿಸಿಕೊಂಡ ಅಜ್ಜ ಹರಿಗೋಲನ್ನು ಬಂಡೆಗಳ ನಡುವೆಯೇ ನುಗ್ಗಿಸಿದ. ಗೆಳೆಯನನ್ನು ಎಳೆದು ತಂದಾಗ ಅವನ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಅಜ್ಜನ ಬಲಗೈ ಬಂಡೆಗೂ ಸಿಲಿಂಡರಿಗೂ ನಡುವೆ ಸಿಕ್ಕಿ ಜಜ್ಜಿಹೋಗಿತ್ತು.

ಆಸ್ಪತ್ರೆಯ ಮುಂದೆ ಜನ ಸೇರಿದರು. ಭಾವ ಎಲ್ಲರಿಗೂ ಒಂದೇ ಮಾತು ಹೇಳಿದ: ‘ಆ ಮುದುಕ ಹರಿಗೋಲು ಇರಬೇಕಾದ ಜಾಗದಾಗೆ ಇಡಲಿಲ್ಲ.’ ಅಜ್ಜ ಕೈಗೆ ಸುತ್ತಿದ ಪಂಚೆಯ ತುಂಡನ್ನು ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಭಾವನನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನು ಅಕ್ಕನ ಹಿಂದೆ ಸರಿದೆ.

ವಾರ ಬಿಟ್ಟು ಅಜ್ಜನ ಮನೆಗೆ ಹೋದೆ. ಬಾಗಿಲಲ್ಲೇ ಕೂತಿದ್ದವನು ಒಳಗೆ ಕರೆಯಲಿಲ್ಲ.

‘ನಿಮಗೆ ಹೇಳಿದ್ನಲ್ಲವ್ವಾ.’

‘ಮರೆತುಬಿಟ್ಟೆ ಅಜ್ಜ.’

‘ಮರೆಯಾಕೆ ಅದೇನು ಅಂಗಡಿ ಸಾಮಾನಾ?’ ಅಂದು ಬಾಗಿಲಿನಿಂದ ಎದ್ದು ಹೋದ.

ಅವನ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಹುಟ್ಟು ಹಿಡಿಯಲಾಗದೆ ಹರಿಗೋಲನ್ನು ತಮ್ಮನಿಗೆ ಬಿಟ್ಟ. ಗೆಳೆಯ ಊರುಗೋಲಿನಲ್ಲಿ ಕೆಲವು ತಿಂಗಳು ಓಡಾಡಿ ಸರಿಹೋದನಂತೆ. ಭಾವ ಬಂದರಿಗೆ ವಾಪಸಾದ. ಈಗಲೂ ಹಬ್ಬಕ್ಕೆ ಬಂದಾಗ ಯಾರಾದರೂ ಕೇಳಿದರೆ ಆ ಕಥೆ ಹೇಳುತ್ತಾನೆ. ಅದರಲ್ಲಿ ಅಜ್ಜ ಹೆಂಡ ಕುಡಿದಿರುತ್ತಾನೆ. ಆ ಹೆಂಡ ಕಥೆಗೆ ಯಾವ ವರ್ಷ ಸೇರಿತೋ ನೆನಪಿಲ್ಲ. ನಾನು ಕಾಫಿ ತಂದಿಟ್ಟು, ಸಕ್ಕರೆ ಸಾಕಾ ಎಂದು ಕೇಳಿ, ಒಳಗೆ ಹೋಗುತ್ತೇನೆ.